ಶಾತೊ ಎಂದರೆ ಬರೀ ಅರಮನೆಯಲ್ಲ

ಮಾನ್ಯ ಸಂಪಾದಕರಿಗೆ ವಂದನೆಗಳು.

ಬೇಸಿಗೆ ರಜೆ ಹತ್ತಿರವಾದಂತೆ ಕನ್ನಡ ಪತ್ರಿಕೆಗಳ ಪ್ರವಾಸದ ಪುಟಗಳಲ್ಲಿ ಫ್ರಾನ್ಸ್ ತಪ್ಪದೆ ಕಾಣಿಸಿಕೊಳ್ಳುತ್ತದೆ. ಪ್ಯಾರಿಸ್ ಮುಗಿದರೆ ಲ್ವಾರ್ ನದಿಯ ಕಣಿವೆ, ಅಲ್ಲಿನ ಶಾಂಬೋರ್ ಮತ್ತು ಶೆನೊನ್ಸೊ ಅರಮನೆಗಳು. ಬಹುತೇಕ ಲೇಖನಗಳು ಅಲ್ಲಿಗೇ ನಿಲ್ಲುತ್ತವೆ. ಬರೆದವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಅವರಲ್ಲಿ ಹೆಚ್ಚಿನವರು 'ಶಾತೊ' ಎಂಬ ಫ್ರೆಂಚ್ ಪದವನ್ನು ಸಾರಾಸಗಟಾಗಿ 'ಅರಮನೆ' ಎಂದು ಕನ್ನಡಿಸುತ್ತಿದ್ದಾರೆ. ಇದು ಕೇವಲ ಪದದ ತಪ್ಪಾಗಿದ್ದರೆ ಪತ್ರ ಬರೆಯುವ ಅಗತ್ಯವಿರಲಿಲ್ಲ. ಈ ಒಂದು ಪದದಿಂದಾಗಿ ಓದುಗರು ಆ ದೇಶದ ಅರ್ಧ ಭಾಗವನ್ನು ನೋಡದೆಯೇ ಹಿಂದಿರುಗುತ್ತಿದ್ದಾರೆ ಎಂಬುದು ನನ್ನ ಕಳಕಳಿ.

ಫ್ರೆಂಚರಿಗೆ ಬೆಟ್ಟದ ನೆತ್ತಿಯ ಮೇಲಿನ ಯುದ್ಧದ ಕೋಟೆಯೂ ಶಾತೊ, ದೊರೆಗಳು ಬೇಟೆಗೂ ವಿಹಾರಕ್ಕೂ ಕಟ್ಟಿಸಿಕೊಂಡ ಅರಮನೆಯೂ ಶಾತೊ. ಬೋರ್ದೊ ಕಡೆಗೆ ಹೋದರೆ ದ್ರಾಕ್ಷಿ ತೋಟದ ಹೆಸರಿಗೂ ಅದೇ ಪದ ಅಂಟಿಕೊಂಡಿರುತ್ತದೆ. ಬೇರ್ಪಡಿಸಿ ಹೇಳಬೇಕಾದಾಗ ಅವರು ಕೋಟೆಯನ್ನು 'ಶಾತೊ ಫೋರ್' ಎನ್ನುತ್ತಾರೆ. ಕನ್ನಡದಲ್ಲಿ ನಮಗೆ ಕೋಟೆ, ಅರಮನೆ ಎಂಬ ಎರಡು ಪದಗಳು ಸಹಜವಾಗಿಯೇ ಇರುವಾಗ ಒಂದನ್ನೇ ಹಿಡಿದು ಕೂರುವುದೇಕೆ? 1519ರಲ್ಲಿ ಒಂದನೆಯ ಫ್ರಾನ್ಸ್ವಾ ದೊರೆ ಆರಂಭಿಸಿದ ಶಾಂಬೋರ್ ನಿಜಕ್ಕೂ ಅರಮನೆ. ಅದು ಕಾಡಿನ ನಡುವಿನ ಸಮತಟ್ಟು ನೆಲದಲ್ಲಿದೆ. ಅದರ ಗೋಪುರಗಳು ಯಾರನ್ನೂ ತಡೆಯಲು ಎದ್ದವಲ್ಲ. ದೊರ್ದೋನ್ ನದಿಯ ದಂಡೆಯ ಬೇನಾಕ್ ಆಗಲಿ, ದಕ್ಷಿಣದ ಕೋರ್ಬಿಯೇರ್ ಬೆಟ್ಟಗಳ ಪೇರ್ಪೆರ್ತ್ಯೂಸ್ ಆಗಲಿ ಹಾಗಲ್ಲ. ಅವುಗಳನ್ನು ಕಟ್ಟಿದವರು ಮೊದಲು ಬಂಡೆಯನ್ನು ಆರಿಸಿಕೊಂಡರು, ಆಮೇಲೆ ಗೋಡೆಯನ್ನು ಯೋಚಿಸಿದರು. ಹಾಗಾಗಿ ಬೆಟ್ಟವನ್ನು ಬಿಟ್ಟು ಆ ಕೋಟೆಯನ್ನು ವಿವರಿಸಲು ಹೊರಟರೆ ಕೈಗೆ ಏನೂ ಸಿಗುವುದಿಲ್ಲ.

ಇದು ನನಗೂ ಮೊದಲ ಸಲ ತಿಳಿಯಲಿಲ್ಲ. ಆಗ ನಾನು ಪ್ರವಾಸಿ ತಂಡವೊಂದರ ಜೊತೆ ಹೋಗಿದ್ದೆ. ಬಸ್ಸು ನಮ್ಮನ್ನು ಬೇನಾಕ್ ಕೋಟೆಯ ಹಿಂಬದಿಯ ವಾಹನ ನಿಲ್ದಾಣದಲ್ಲಿ ಇಳಿಸಿತು, ನಲವತ್ತು ನಿಮಿಷ ಕೊಟ್ಟರು, ಫೋಟೊ ತೆಗೆದುಕೊಂಡು ಹೊರಟೆವು. ಎರಡು ವರ್ಷಗಳ ನಂತರ ಅದೇ ಊರಿಗೆ ಕಾಲ್ನಡಿಗೆಯಲ್ಲಿ ಬಂದಾಗ ಅದೇ ಕೋಟೆ ಬೇರೆಯಾಗಿ ಕಂಡಿತು. ಕೆಳಗೆ ನದಿ, ನದಿಗೆ ತಾಗಿದಂತೆ ಜೇನುಬಣ್ಣದ ಕಲ್ಲಿನ ಮನೆಗಳು, ಅವುಗಳ ನಡುವೆ ಮೇಲೇರುವ ಕಲ್ಲುಹಾಸಿನ ಓಣಿ. ಕಲ್ಲುಗಳು ಸವೆದು ನುಣುಪಾಗಿದ್ದವು. ಪ್ರತಿ ತಿರುವಿನಲ್ಲೂ ತಲೆ ಎತ್ತಿ ನೋಡಿದರೆ ಗೋಡೆ ಇನ್ನೂ ಮೇಲೆಯೇ ಇರುತ್ತಿತ್ತು. ಸುಮಾರು 150 ಮೀಟರ್ ಎತ್ತರದ ಆ ಬಂಡೆಯನ್ನು ಉಸಿರು ಕಟ್ಟಿ ಹತ್ತಿದ ಮೇಲೆ, ಭಾರದ ಕವಚ ತೊಟ್ಟ ಸೈನಿಕನಿಗೆ ಇದು ಹೇಗಿದ್ದಿರಬೇಕೆಂದು ಯಾವ ಮಾರ್ಗದರ್ಶಿಯೂ ಹೇಳಿಕೊಡಬೇಕಾಗಿಲ್ಲ.

ಮೇಲೆ ನಿಂತರೆ ನದಿಯಾಚೆಯ ಗುಡ್ಡದ ಮೇಲೆ ಕಾಸ್ತೆಲ್ನೊ ಕೋಟೆ ಕಾಣುತ್ತದೆ. 1337ರಿಂದ 1453ರವರೆಗೆ ನಡೆದ ನೂರು ವರ್ಷಗಳ ಯುದ್ಧದಲ್ಲಿ ಬೇನಾಕ್ ಫ್ರಾನ್ಸ್ ದೊರೆಯ ಪಕ್ಷದಲ್ಲಿತ್ತು. ಕಾಸ್ತೆಲ್ನೊ ಹಲವು ಬಾರಿ ಕೈ ಬದಲಾಯಿಸಿದರೂ ಬಹುಕಾಲ ಇಂಗ್ಲಿಷರ ಕಡೆಗಿತ್ತು. ಬರಿಗಣ್ಣಿಗೆ ಒಬ್ಬರಿಗೊಬ್ಬರು ಕಾಣುವಷ್ಟು ಹತ್ತಿರದಲ್ಲಿ ಎರಡು ವೈರಿ ಕೋಟೆಗಳು, ನಡುವೆ ಒಂದು ನದಿ. ಆ ಯುದ್ಧದ ಇಸವಿಗಳನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ನನಗೆ ಅದರ ಅಳತೆ ಅರಿವಿಗೆ ಬಂದದ್ದು ಆ ಗೋಡೆಯಂಚಿನಲ್ಲಿ. ಕಾಸ್ತೆಲ್ನೊದಲ್ಲಿ ಈಗ ಮಧ್ಯಯುಗದ ಯುದ್ಧಕಲೆಯ ವಸ್ತುಸಂಗ್ರಹಾಲಯವಿದೆ. ಕಲ್ಲುಗುಂಡು ಎಸೆಯುವ ಮರದ ಯಂತ್ರಗಳನ್ನು ಪೂರ್ಣ ಗಾತ್ರದಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಅಲ್ಲಿಂದ ನದಿಯ ಮೇಲ್ಭಾಗಕ್ಕೆ ಹೋದರೆ 1281ರಲ್ಲಿ ಕಟ್ಟಲಾರಂಭಿಸಿದ ದೊಮ್ ಎಂಬ ಗುಡ್ಡದ ಊರು ಸಿಗುತ್ತದೆ. ಬೆಳಿಗ್ಗೆ ಬೇಗ ಅಲ್ಲಿನ ಕಟ್ಟೆಯ ಬಳಿ ನಿಂತರೆ ಮಂಜು ನದಿಯ ಬಳುಕನ್ನೇ ಅನುಸರಿಸಿ ಹರಿಯುವುದನ್ನು, ಅದು ಕರಗಿದಂತೆ ಹೊಲಗಳು ಒಂದೊಂದಾಗಿ ಬಣ್ಣ ಪಡೆಯುವುದನ್ನು ನೋಡಬಹುದು. ಅರ್ಧ ಗಂಟೆ ನಾನು ಅಲ್ಲಿಂದ ಕದಲಲಿಲ್ಲ.

ಇಂಥ ಕಡೆಗೆಲ್ಲ ನಡೆದು ಹೋಗುವುದು ಸಾಹಸಿಗಳ ಕೆಲಸವೆಂದು ನಮ್ಮವರು ಭಾವಿಸಿದ್ದಾರೆ. ಹಾಗೇನಿಲ್ಲ. ಫ್ರಾನ್ಸ್‌ನಲ್ಲಿ ಗುರುತು ಹಾಕಿದ ಕಾಲುದಾರಿಗಳ ಒಟ್ಟು ಉದ್ದ ಸುಮಾರು 1,80,000 ಕಿಲೋಮೀಟರ್. ದೂರದ ದಾರಿಗಳನ್ನು ಜಿ.ಆರ್. (ಗ್ರಾಂದ್ ರಾಂದೊನೆ, ಅಂದರೆ ದೀರ್ಘ ನಡಿಗೆ) ಎಂದು ಕರೆದು ಸಂಖ್ಯೆ ಕೊಟ್ಟಿದ್ದಾರೆ. ಈ ವ್ಯವಸ್ಥೆ 1947ರಲ್ಲಿ ಆರಂಭವಾಯಿತು. ದೊರ್ದೋನ್ ಕಣಿವೆಯಲ್ಲಿ ಹಾದುಹೋಗುವುದು ಜಿ.ಆರ್. 64. ಮರದ ಕಾಂಡದ ಮೇಲೋ, ಬೇಲಿಯ ಕಂಬದ ಮೇಲೋ, ಕಲ್ಲಿನ ಮೇಲೋ ಒಂದು ಬಿಳಿ ಪಟ್ಟಿ, ಅದರ ಕೆಳಗೆ ಒಂದು ಕೆಂಪು ಪಟ್ಟಿ ಇದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ ಎಂದರ್ಥ. ಅದೇ ಎರಡು ಬಣ್ಣಗಳು ಒಂದನ್ನೊಂದು ಕತ್ತರಿಸುವ ಗೀಟುಗಳಾಗಿ (X) ಕಂಡರೆ ಆ ಕಡೆ ಹೋಗಬಾರದು. ಒಂದು ದಿನದೊಳಗೆ ಮುಗಿಯುವ ಸ್ಥಳೀಯ ದಾರಿಗಳಿಗೆ ಹಳದಿ ಪಟ್ಟಿ. ಈ ಗುರುತುಗಳನ್ನು ಹಾಕುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಡಬ್ಬಿ, ಕುಂಚ ಹಿಡಿದು ಮುಳ್ಳುಗಿಡ ಸವರುತ್ತ ಹೋಗುವ ಅವರನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ. ಒಮ್ಮೆ ವಾಲ್‌ನಟ್ ತೋಪಿನ ಅಂಚಿನಲ್ಲಿ ಮಾತಿನ ಗಮನದಲ್ಲಿ ಆ ಕತ್ತರಿ ಗುರುತನ್ನು ಕಾಣದೆ ಮುಂದುವರಿದು, ಒಂದು ಗಂಟೆ ಇಳಿದು, ಅಷ್ಟನ್ನೂ ಮತ್ತೆ ಹತ್ತಿದ್ದೇವೆ. ಹಿಂದಿರುಗಿ ನೋಡಿದಾಗ ಗುರುತು ಕಣ್ಣೆತ್ತರದಲ್ಲಿ ಸ್ಪಷ್ಟವಾಗಿಯೇ ಇತ್ತು.

ದಕ್ಷಿಣದ ಕೋರ್ಬಿಯೇರ್ ಸೀಮೆಯ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು, ಏಕೆಂದರೆ ಅಲ್ಲಿ ಹೆಸರೇ ದಾರಿ ತಪ್ಪಿಸುತ್ತದೆ. ಅಲ್ಲಿನ ಕೋಟೆಗಳನ್ನು ಪ್ರವಾಸಿ ಫಲಕಗಳು 'ಕಥಾರರ ಕೋಟೆಗಳು' ಎನ್ನುತ್ತವೆ. ಕಥಾರರು ರೋಮಿನ ಚರ್ಚು ಧರ್ಮಭ್ರಷ್ಟರೆಂದು ಸಾರಿದ ಕ್ರೈಸ್ತ ಪಂಥದವರು. 1244ರ ಮಾರ್ಚ್ ತಿಂಗಳಲ್ಲಿ ಅವರು ಆಶ್ರಯ ಪಡೆದಿದ್ದ ಮೋಂಸೆಗ್ಯೂರ್ ಕೋಟೆ ಶರಣಾದಾಗ, ನಂಬಿಕೆ ಬಿಡಲೊಪ್ಪದ ಇನ್ನೂರಕ್ಕೂ ಹೆಚ್ಚು ಜನರನ್ನು ಬೆಟ್ಟದ ಬುಡದಲ್ಲಿ ಜೀವಂತವಾಗಿ ಸುಟ್ಟರು. 1255ರಲ್ಲಿ ಅವರ ಕೊನೆಯ ನೆಲೆಯಾದ ಕೇರಿಬ್ಯೂಸ್ ಕೂಡ ಬಿತ್ತು. ಆದರೆ ಇಂದು ನಾವು ಕಾಣುವ ಗೋಡೆಗಳಲ್ಲಿ ಹೆಚ್ಚಿನವು ಗೆದ್ದ ಪಕ್ಷದವರು ಆಮೇಲೆ ಎಬ್ಬಿಸಿದವು. 1258ರ ಒಪ್ಪಂದದಂತೆ (ಇಂದಿನ ಸ್ಪೇನ್ ಕಡೆಯ) ಅರಗಾನ್ ರಾಜ್ಯದ ಗಡಿ ಇಲ್ಲಿಗೆ ನಿಂತಾಗ ಫ್ರಾನ್ಸ್ ದೊರೆಗಳು ಈ ಶಿಖರಗಳನ್ನು ಗಡಿಠಾಣೆಗಳಾಗಿ ಬಲಪಡಿಸಿದರು. ಪೇರ್ಪೆರ್ತ್ಯೂಸ್, ಕೇರಿಬ್ಯೂಸ್, ಪ್ಯುಯಿಲೊರಾನ್ಸ್, ಅಗಿಲಾರ್, ತೆರ್ಮ್ ಎಂಬ ಐದನ್ನು, ಆ ಸೀಮೆಯ ಕೋಟೆಪಟ್ಟಣ ಕಾರ್ಕಾಸೋನ್‌ನ ಹೆಸರಿನಲ್ಲಿ, 'ಕಾರ್ಕಾಸೋನ್‌ನ ಐವರು ಮಕ್ಕಳು' ಎಂದು ಕರೆಯುವ ರೂಢಿ ಇದೆ. 1659ರಲ್ಲಿ ಗಡಿ ಪಿರನೀಸ್ ಪರ್ವತದ ಸಾಲಿಗೆ ಸರಿದ ಮೇಲೆ ಅವುಗಳ ಮಹತ್ವ ಕುಗ್ಗಿತು. ಸೋತವರ ಹೆಸರನ್ನು ಗೆದ್ದವರ ಗೋಡೆಗಳು ಹೊತ್ತು ನಿಂತಿವೆ ಎಂಬುದನ್ನು ಪ್ರವಾಸ ಲೇಖನಗಳು ಒಂದು ಸಾಲಿನಲ್ಲಾದರೂ ಹೇಳಬೇಕು.

ಕಡಲತೀರದ ಪೋರ್ ಲಾ ನುವೆಲ್‌ನಿಂದ ಫ್ವಾ ಪಟ್ಟಣದವರೆಗಿನ ಸುಮಾರು 250 ಕಿಲೋಮೀಟರ್ ಉದ್ದದ ಕಥಾರ್ ಹಾದಿ ಈ ಸೀಮೆಯಲ್ಲಿ ಸಾಗುತ್ತದೆ. ಪೂರ್ತಿ ನಡೆಯಬೇಕೆಂದಿಲ್ಲ. ಗಾಳಿಗಿರಣಿಯಿರುವ ಕುಕುನ್ಯಾನ್ ಎಂಬ ಹಳ್ಳಿಯಲ್ಲಿ ಎರಡು ರಾತ್ರಿ ತಂಗಿದರೆ ಒಂದು ದಿನ ಕೇರಿಬ್ಯೂಸ್, ಇನ್ನೊಂದು ದಿನ ಪೇರ್ಪೆರ್ತ್ಯೂಸ್ ನೋಡಬಹುದು. ಕೇರಿಬ್ಯೂಸ್ 728 ಮೀಟರ್ ಎತ್ತರದಲ್ಲಿದೆ. ಅದರ ಗೋಪುರದೊಳಗೆ ಒಂದೇ ಒಂದು ಕಂಬದ ಎತ್ತರದ ಕೋಣೆ ಇದೆ. ಆ ಕಂಬದ ನೆತ್ತಿಯಿಂದ ಕಮಾನಿನ ಏಣುಗಳು ತಾಳೆಮರದ ಗರಿಗಳಂತೆ ಹರಡಿ ಚಾವಣಿಯನ್ನು ಹೊತ್ತಿವೆ. ಹೊರಗೆ ಗಾಳಿ ಮೈಯನ್ನು ನೂಕುತ್ತಿರುತ್ತದೆ. ಒಳಗೆ ಕಾಲಿಟ್ಟೊಡನೆ ನಮ್ಮ ಉಸಿರು ನಮಗೇ ಕೇಳಿಸುವಷ್ಟು ನಿಶ್ಶಬ್ದ. ಮೇಲಿನ ಬಯಲಿಗೆ ಬಂದರೆ ಒಂದು ಕಡೆ ಪಿರನೀಸ್ ಹಿಮಶಿಖರಗಳು, ಇನ್ನೊಂದು ಕಡೆ ಬಂಡೆಯ ಅಂಚಿಗೇ ಅಂಟಿಕೊಂಡಂತಿರುವ ಪೇರ್ಪೆರ್ತ್ಯೂಸ್. ಅಷ್ಟು ದೂರದಿಂದ ಬಂಡೆ ಯಾವುದು, ಗೋಡೆ ಯಾವುದು ಎಂದು ಬಿಡಿಸಿ ಹೇಳಲಾಗುವುದಿಲ್ಲ.

ಎಚ್ಚರಿಕೆಯ ಮಾತುಗಳೂ ಬರಹಗಳಲ್ಲಿ ಇರಬೇಕು. ಕೋರ್ಬಿಯೇರ್‌ನ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಬೇಸಿಗೆಯಲ್ಲಿ ನೀರು ಸಿಗುವುದಿಲ್ಲವೆಂದೇ ತಿಳಿದು ಹೊರಡಬೇಕು. 2025ರ ಆಗಸ್ಟ್‌ನ ಕಾಳ್ಗಿಚ್ಚಿನಲ್ಲಿ ಆ ಸೀಮೆಯ 16 ಸಾವಿರ ಹೆಕ್ಟೇರ್‌ಗೂ ಹೆಚ್ಚು ಪ್ರದೇಶ ಸುಟ್ಟುಹೋಯಿತು. ಬೆಂಕಿಯ ಅಪಾಯವಿರುವ ದಿನಗಳಲ್ಲಿ ಆಡಳಿತವು ಕಾಡಿನ ದಾರಿಗಳನ್ನು ಮುಚ್ಚುತ್ತದೆ, ಅದನ್ನು ಮೀರಬಾರದು. ಗುಡುಗು ಮಿಂಚಿದ್ದಾಗ ಶಿಖರದ ಕೋಟೆಗಳಿಗೆ ಪ್ರವೇಶವಿಲ್ಲ. ಶರತ್ಕಾಲದಿಂದ ಚಳಿಗಾಲದ ಕೊನೆಯವರೆಗೆ ಬೇಟೆಯ ಕಾಲವಾದ್ದರಿಂದ ಎದ್ದುಕಾಣುವ ಬಣ್ಣದ ಉಡುಪು ತೊಡಬೇಕು, ಬೇಟೆ ನಡೆದಿದೆಯೆಂದು ಫಲಕವಿದ್ದರೆ ಹಿಂದಿರುಗಬೇಕು. ತುರ್ತು ಕರೆಯ ಸಂಖ್ಯೆ 112. ಹಳ್ಳಿಗಳಿಗೆ ಬಸ್ಸು ವಿರಳ, ಮಧ್ಯಾಹ್ನ ಅಂಗಡಿಗಳು ಬಾಗಿಲು ಹಾಕುತ್ತವೆ. ನನ್ನ ಅನುಭವದಲ್ಲಿ ಮೇ, ಜೂನ್ ಮತ್ತು ಸೆಪ್ಟೆಂಬರ್ ತಿಂಗಳುಗಳೇ ಪ್ರಶಸ್ತ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಲೇಖನಗಳಲ್ಲಿ ಕೋಟೆಯನ್ನು ಕೋಟೆಯೆಂದೂ ಅರಮನೆಯನ್ನು ಅರಮನೆಯೆಂದೂ ಬರೆಯಿಸಿ. ಟಿಕೆಟಿನ ದರ, ಹೋಟೆಲಿನ ಹೆಸರುಗಳ ಜೊತೆಗೆ ಆ ಕೋಟೆಗೆ ಹತ್ತುವ ಕಾಲುದಾರಿ ಎಲ್ಲಿಂದ ಹೊರಡುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ, ಯಾವ ಬಣ್ಣದ ಪಟ್ಟಿಯನ್ನು ಹಿಂಬಾಲಿಸಬೇಕು ಎಂಬುದನ್ನು ಎರಡು ಸಾಲಿನಲ್ಲಿ ಕೊಡಿ. ಮಂಡಿನೋವಿನವರಿಗೂ ವಯಸ್ಸಾದವರಿಗೂ ವಾಹನ ಹೋಗುವ ದಾರಿಯನ್ನು ತಿಳಿಸುವುದು ಅಷ್ಟೇ ಮುಖ್ಯ. ಬೇನಾಕ್‌ಗೆ ಅಂಥ ದಾರಿ ಹಿಂಬದಿಯಿಂದ ಇದ್ದೇ ಇದೆ. ಉಳಿದವರು ಕೆಳಗಿನ ನದಿಯ ಬಳಿಯಿಂದಲೇ ಹತ್ತಲು ಶುರು ಮಾಡಲಿ.

ಇಂತಿ,
ತಮ್ಮ ಪತ್ರಿಕೆಯ ಬಹುಕಾಲದ ಓದುಗ