ಧಾರಣೆ ಕಾಲಂ ಬರೆಯುವ ಮಗಳಿಗೆ

ಹುಬ್ಬಳ್ಳಿ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಹೇಳೋಕೆ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊನ್ನೆ ಮಾತಾಡುವಾಗ ನಿನ್ನ ದನಿ ಸಣ್ಣದಾಗಿತ್ತು. "ಅಪ್ಪಾ, ಶಿರಸಿಯ ಈ ಪತ್ರಿಕೆಗೆ ಇಂಟರ್ನ್ ಆಗಿ ಸೇರಿ ಮೂರು ವಾರ ಆಯ್ತು. ನನ್ನ ಹೆಸರಲ್ಲಿ ಒಂದು ಸುದ್ದಿಯೂ ಬಂದಿಲ್ಲ. ದಿನಾ ಸಂಜೆ ಅಡಿಕೆಯ ಪೇಟೆ ರೇಟು, ಅದೇ ಧಾರಣೆ, ಟೈಪ್ ಮಾಡ್ತೀನಿ, ಅಷ್ಟೇ" ಅಂದೆ. ನಿನ್ನ ಕ್ಲಾಸಿನ ಹುಡುಗಿ ಬೆಂಗಳೂರಿನಲ್ಲಿ ಟಿವಿ ಮೈಕ್ ಹಿಡಿದು ನಿಂತ ಫೋಟೊ ಹಾಕಿದ್ದಾಳೆ ಅಂತಲೂ ಹೇಳಿದೆ. ನಾನು "ಇರಲಿ ಬಿಡು, ಕಲಿತೀಯ" ಅಂದು ಸುಮ್ಮನಾದೆ. ಆಮೇಲೆ ರಾತ್ರಿ ಎಷ್ಟು ಹೊತ್ತಾದರೂ ನಿದ್ದೆ ಬರಲಿಲ್ಲ. ಧಾರಣೆ ಅನ್ನೋ ಪದ ಕೇಳಿದರೆ ನನಗೆ ಒಬ್ಬ ಮನುಷ್ಯ ನೆನಪಾಗುತ್ತಾನೆ. ಅವನ ವಿಷಯ ನಿನ್ನ ಅಮ್ಮನಿಗೆ ಗೊತ್ತು. ನಿನಗೆ ಯಾವತ್ತೂ ಹೇಳಿಲ್ಲ.

ನಾನು ಪ್ರೆಸ್ಸಿನಲ್ಲಿ ಕೆಲಸ ಮಾಡಿದ್ದು ನಿನಗೆ ಗೊತ್ತಿದೆ ಅಲ್ವಾ? 1987ರ ಬೇಸಿಗೆ. ಪಿಯುಸಿ ಮೊದಲ ವರ್ಷ ಮುಗಿದಿತ್ತು. ಆಗ ಅದಕ್ಕೆ ಇಂಟರ್ನ್‌ಶಿಪ್ ಅನ್ನೋ ಹೆಸರಿರಲಿಲ್ಲ. ರಜೆಯಲ್ಲಿ ಸುಮ್ನೆ ಮನೆಯಲ್ಲಿ ಕೂರೋದು ಬೇಡ ಅಂತ ನಿನ್ನ ಅಜ್ಜ ಕರೆದುಕೊಂಡು ಹೋಗಿ ಬಿಟ್ಟರು. ಅದೊಂದು ವಾರಪತ್ರಿಕೆ. ನಾಲ್ಕು ಪುಟ. ಮುಂದೆ ಒಂದು ಮೇಜು, ಹಿಂದೆ ಹೆಂಚಿನ ಮಾಡಿನ ಕೋಣೆಯಲ್ಲಿ ಕಾಲಲ್ಲಿ ತುಳಿದು ಅಚ್ಚು ಹಾಕೋ ಒಂದು ಟ್ರೆಡಲ್ ಮೆಷಿನ್. ಸಂಪಾದಕರು, ಅಕ್ಷರ ಜೋಡಿಸೋ ಕಂಪೋಸಿಟರ್, ಮೆಷಿನ್ ತುಳಿಯುವವರು, ಮತ್ತೆ ನಾನು.

ನೀನು ಈಗ ಕೂತಿರೋ ಆಫೀಸಿನ ಬಗ್ಗೆ ನೀನು ಹೇಳಿದ್ದನ್ನೆಲ್ಲ ನಾನು ಒಂದೊಂದಾಗಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಹತ್ತು ಗಂಟೆಗೆ ಹೋಗೋದು. ವಾಟ್ಸಾಪ್‌ನಲ್ಲಿ ಬಂದ ಪ್ರಕಟಣೆಗಳನ್ನು ತೆಗೆಯೋದು. ಹಳ್ಳಿ ವರದಿಗಾರರು ಕೆಲವರು ಕೈಬರಹದ ಫೋಟೊ ಕಳಿಸ್ತಾರೆ, ಇನ್ನು ಕೆಲವರು ಬೈಕ್ ನಿಲ್ಲಿಸಿ ದನಿ ಮೆಸೇಜ್ ಕಳಿಸ್ತಾರೆ, ಹಿಂದೆ ಗಾಳಿ ಸದ್ದು. ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ತಿರುಗಿಸಿದರೆ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತವೆ, ಅದನ್ನು ಸರಿ ಮಾಡೋಕೇ ಅರ್ಧ ದಿನ ಹೋಗುತ್ತೆ ಅಂದಿದ್ದೆ. ಅದು ಕೇಳಿ ನನಗೆ ಖುಷಿಯೇ ಆಯಿತು. ಒತ್ತಕ್ಷರದ ಕಷ್ಟ ನಮಗೂ ಇತ್ತು. ಅಕ್ಷರಕ್ಕೆ ಒಂದು ಮೊಳೆ, ಅಂದರೆ ಸೀಸದ ಅಚ್ಚು, ಒತ್ತಿಗೆ ಬೇರೆ ಮೊಳೆ. ಒತ್ತಿನ ಮೊಳೆ ಸಣ್ಣದು, ಬೇಗ ಮುರಿಯುತ್ತಿತ್ತು. ವಾರದ ಕೊನೆಗೆ ಕೆಲವು ಒತ್ತುಗಳು ಖಾಲಿಯಾಗುತ್ತಿದ್ದವು. ಆಗ ಸಂಪಾದಕರನ್ನು ಕೇಳಿ ಆ ಒತ್ತಿಲ್ಲದ ಬೇರೆ ಪದ ಹುಡುಕಬೇಕಿತ್ತು.

ಮೊಳೆ ಜೋಡಿಸೋದು ಹೇಗೆ ಅಂತ ನಿನಗೆ ಒಮ್ಮೆ ಸರಿಯಾಗಿ ಹೇಳಬೇಕು. ಎಡಗೈಯಲ್ಲಿ ಮೊಳೆಗಳನ್ನು ಸಾಲಾಗಿ ಕೂರಿಸೋ ಕಂಪೋಸಿಂಗ್ ಸ್ಟಿಕ್. ಎದುರಿಗೆ ಇಳಿಜಾರಾಗಿ ನಿಲ್ಲಿಸಿದ ಮರದ ಕೇಸು. ಅದರ ತುಂಬ ಸಣ್ಣ ಸಣ್ಣ ಖಾನೆ, ಒಂದೊಂದು ಖಾನೆಗೆ ಒಂದೊಂದು ಅಕ್ಷರ. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರುತ್ತೆ. ಪಳಗಿದವರು ಖಾನೆ ನೋಡೋದೇ ಇಲ್ಲ. ಕಣ್ಣು ಬರಹದ ಮೇಲೆ, ಬಲಗೈ ತಾನಾಗಿ ಹೋಗಿ ಮೊಳೆ ಎತ್ತುತ್ತೆ. ಬೆರಳ ತುದಿಗೆ ಸೀಸದ ಕಪ್ಪು ಅಂಟಿ ಬಿಡುತ್ತಿತ್ತು. ಊಟಕ್ಕೆ ಮೊದಲು ಸೋಪು ಹಾಕಿ ಎರಡು ಸಲ ತಿಕ್ಕಿದರೂ ಉಗುರ ಸಂದಿಯಲ್ಲಿ ಉಳಿಯುತ್ತಿತ್ತು. ಅಚ್ಚಾದ ಮೇಲೆ ಆ ಮೊಳೆಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದಾಗಿ ಅವುಗಳ ಖಾನೆಗೆ ವಾಪಸ್ ಹಾಕಬೇಕು. ಡಿಸ್ಟ್ರಿಬ್ಯೂಷನ್ ಅನ್ನುತ್ತಿದ್ದರು. ಹೊಸ ಹುಡುಗರಿಗೆ ಮೊದಲು ಕೊಡೋ ಕೆಲಸ ಅದೇ. ಬೇಜಾರಿನ ಕೆಲಸ.

ಮೂರನೇ ವಾರಕ್ಕೆ ನನಗೂ ಕಂಪೋಸಿಂಗ್ ಕೊಟ್ಟರು. ಏನು ಕೊಟ್ಟರು ಗೊತ್ತಾ? ಅಡಿಕೆ ಧಾರಣೆ. ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಹೀಗೆ ಅಡಿಕೆಯ ಒಂದೊಂದು ಬಗೆ. ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ ಅಂತ ಎರಡು ದರ. ನಿನಗೆ ಅನ್ನಿಸಿದ್ದೇ ನನಗೂ ಅನ್ನಿಸಿತ್ತು. ಇದೂ ಒಂದು ಸುದ್ದಿಯಾ, ಅಂತ.

ಅವತ್ತು 5ರ ಖಾನೆಗೆ ಕೈ ಹಾಕಿದಾಗ 8ರ ಮೊಳೆ ಬಂತು. ಹಿಂದಿನ ವಾರ ಡಿಸ್ಟ್ರಿಬ್ಯೂಷನ್ ಮಾಡುವಾಗ 8 ಅನ್ನು 5ರ ಖಾನೆಗೆ ಹಾಕಿದವನೂ ನಾನೇ. ಪ್ರೂಫ್ ತೆಗೆದರು. ಒದ್ದೆ ಕಾಗದ, ಇನ್ನೂ ಮಸಿ ಆರಿರಲಿಲ್ಲ. ಅದನ್ನು ಓದೋ ಕೆಲಸವೂ ನನ್ನದೇ. ಮಾರ್ಕೆಟ್‌ನಿಂದ ಬಂದ ಚೀಟಿ ಪಕ್ಕದಲ್ಲೇ ಇತ್ತು. ಚೀಟಿ ನೋಡಲಿಲ್ಲ. ಅಂಕಿ ನನಗೆ ಬಾಯಿಪಾಠ ಬರುತ್ತೆ ಅನ್ನೋ ಧೈರ್ಯ. ನೂರರ ಜಾಗದಲ್ಲಿ 5 ಇರಬೇಕಾದಲ್ಲಿ 8 ಅಚ್ಚಾಯಿತು. ಚಾಲಿಗೆ ಕ್ವಿಂಟಲ್‌ಗೆ ಮುನ್ನೂರು ರೂಪಾಯಿ ಜಾಸ್ತಿ.

ಎರಡು ದಿನ ಬಿಟ್ಟು ಮಧ್ಯಾಹ್ನ ಒಬ್ಬರು ಪ್ರೆಸ್ಸಿಗೆ ಬಂದರು. ಮಾಸಲು ಪಂಚೆ, ಹೆಗಲ ಮೇಲೆ ಟವೆಲ್, ಕೈಯಲ್ಲಿ ನಮ್ಮ ಪತ್ರಿಕೆ. ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದರು ಅಂತ ಕಾಣುತ್ತೆ, ಮಡಿಕೆಯ ಗೆರೆ ಬೆವರಿಗೆ ಒದ್ದೆಯಾಗಿತ್ತು. ಘಟ್ಟದ ಅಂಚಿನ ಹಳ್ಳಿಯವರು. ಹಬ್ಬದ ತನಕ ಇಟ್ಟುಕೊಳ್ಳಬೇಕು ಅಂದಿದ್ದ ಎರಡು ಚೀಲ ಚಾಲಿಯನ್ನು, ರೇಟು ಏರಿದೆ ಅಂತ ಮೊದಲ ಬಸ್ಸಿನ ಟಾಪ್ ಮೇಲೆ ಹಾಕಿಕೊಂಡು ಬಂದಿದ್ದರು. ಮಾರ್ಕೆಟ್ ಯಾರ್ಡಿನಲ್ಲಿ ಕೇಳಿದರೆ ಆ ರೇಟೇ ಇಲ್ಲ. ವಾಪಸ್ ಒಯ್ಯಲು ಬಸ್ ಚಾರ್ಜು, ಹಮಾಲಿ ಬೇರೆ. ಬಂದ ಬೆಲೆಗೆ ಕೊಟ್ಟಿದ್ದರು.

ಅವರು ಕೂಗಾಡಲಿಲ್ಲ. ಪತ್ರಿಕೆಯನ್ನು ಬಿಡಿಸಿ ಮೇಜಿನ ಮೇಲೆ ಇಟ್ಟರು. ಆ 8ರ ಮೇಲೆ ಬೆರಳು ಇಟ್ಟರು. "ಇದು ಯಾವ ಪೇಟೆ ರೇಟು ತಮ್ಮಾ?" ಅಂತ ಕೇಳಿದರು. ನಿಜವಾಗಿಯೂ ಕೇಳಿದರು, ಪುಟ್ಟಿ. ಬೇರೆ ಯಾವುದಾದರೂ ಪೇಟೆಯಲ್ಲಿ ಆ ರೇಟು ಇದ್ದಿರಬಹುದು ಅಂತ. ಪೇಪರಿನಲ್ಲಿ ಬಂದದ್ದು ತಪ್ಪಿರಬಹುದು ಅನ್ನೋದು ಅವರಿಗೆ ಹೊಳೆದೇ ಇರಲಿಲ್ಲ.

ಅವರ ಬೆರಳು ಇನ್ನೂ ಕಣ್ಣ ಮುಂದೆ ಇದೆ. ಅಡಿಕೆ ಸುಲಿದು ಸುಲಿದು ತುದಿಯ ಚರ್ಮ ಒಡೆದು, ಗೀರುಗಳಲ್ಲಿ ಕಂದು ಬಣ್ಣ ಕೂತಿತ್ತು. ನನ್ನ ಉಗುರಿನಲ್ಲಿ ಸೀಸದ ಕಪ್ಪು, ಅವರ ಬೆರಳಲ್ಲಿ ಅಡಿಕೆಯ ಕಂದು. ನಾನು ತಪ್ಪು ನನ್ನದು ಅಂತ ಹೇಳಿದೆ. ಮುಂದಿನ ವಾರ ತಿದ್ದುಪಡಿ ಹಾಕಿದೆವು. ಆದರೆ ಆ ಎರಡು ಚೀಲ ಹೋಗಿದ್ದು ಹೋಯಿತು.

ಚಾಲಿ ಅಂದರೆ ಏನು ಅಂತ ಧಾರಣೆ ಬರೆಯುವವಳಿಗೆ ಗೊತ್ತಿರಬೇಕು. ಹಣ್ಣಡಿಕೆಯನ್ನು ಅಂಗಳದಲ್ಲಿ ನಲವತ್ತು ದಿನದ ಮೇಲೆ ಒಣಗಿಸಬೇಕು. ಮೋಡ ಕಂಡರೆ ಎದ್ದು ಓಡಬೇಕು. ಆಮೇಲೆ ಸುಲಿಯೋದು, ಆರಿಸೋದು. ರಾಶಿ ಬೇರೆ ಥರ. ಹಸಿ ಇರುವಾಗಲೇ ಕೊಯ್ದು, ಸುಲಿದು, ಬೇಯಿಸಿ, ಚೊಗರಿನ (ಅಡಿಕೆ ಬೇಯಿಸಿದ ಕಂದು ನೀರಿನ) ಬಣ್ಣ ಹಿಡಿಸಿ ಒಣಗಿಸಿದ್ದು. ನೀನಿರೋ ದೊಡ್ಡಮ್ಮನ ಮನೆಯ ಅಟ್ಟದ ಮೇಲೆ ಇನ್ನೂ ಒಂದು ಚೀಲ ಇರುತ್ತೆ, ಕೇಳಿ ನೋಡು. ಕೈಯಲ್ಲಿ ಹಿಡಿದು ನೋಡು. ಈಗ ರಾಶಿ ಕ್ವಿಂಟಲ್‌ಗೆ ಹತ್ತಾರು ಸಾವಿರ ರೂಪಾಯಿ. ನಿನ್ನ ಒಂದು ಅಂಕಿ ಆಚೀಚೆ ಆದರೆ ಎಷ್ಟಾಗುತ್ತೆ ಅಂತ ನೀನೇ ಲೆಕ್ಕ ಹಾಕು.

ಒಂದು ದಿನ ರಜೆ ಕೇಳಿಕೊಂಡು ಎಪಿಎಂಸಿ ಯಾರ್ಡಿಗೆ ಹೋಗು. ಬೆಳಿಗ್ಗೆಯೇ ಹೋಗು. ಅಡಿಕೆ ಲಾಟ್ ಲಾಟ್ ಆಗಿ ಇಟ್ಟಿರುತ್ತಾರೆ. ವ್ಯಾಪಾರಸ್ಥರು ಬಂದು ಮುಷ್ಟಿ ತುಂಬ ಎತ್ತಿ ನೋಡ್ತಾರೆ, ಒಂದೆರಡು ಕತ್ತರಿಸಿ ಒಳಗಿನ ಬಣ್ಣ ನೋಡ್ತಾರೆ. ನಮ್ಮ ಕಾಲದಲ್ಲಿ ಬೆಲೆಯನ್ನು ಚೀಟಿಯಲ್ಲಿ ಬರೆದು ಹಾಕುತ್ತಿದ್ದರು, ಈಗ ಟೆಂಡರ್ ಕಂಪ್ಯೂಟರಿಗೆ ಬಂದಿದೆ. ಯಾರು ಜಾಸ್ತಿ ಬರೆದರೋ ಅವರಿಗೆ ಆ ಲಾಟ್. ನೀನು ಬರೆಯೋ ಗರಿಷ್ಠ ಅನ್ನೋದು ಒಂದೇ ಒಂದು ಒಳ್ಳೆ ಲಾಟಿಗೆ ಬಂದ ಬೆಲೆ ಇರಬಹುದು. ಊರಿನವರು ಅದನ್ನು ನೋಡಿ ಖುಷಿ ಪಡ್ತಾರೆ, ಆದರೆ ಲೆಕ್ಕ ಹಾಕೋದು ಸರಾಸರಿಯ ಮೇಲೆ. ಆ ಸರಾಸರಿ ಕಾಲಂ ಜಾಗ ಸಾಲದಾದಾಗ ಮೊದಲು ಹಾರಿ ಹೋಗುತ್ತೆ ಅಂತ ನೀನು ಹೇಳಿದೆ. ಅದು ಹಾರಬಾರದು. ಪುಟ ಕಟ್ಟುವವರ ಹತ್ತಿರ ಇದನ್ನು ನೀನು ಜಗಳ ಮಾಡಿಯಾದರೂ ಉಳಿಸಿಕೊಳ್ಳಬೇಕು. ಬೇಕಾದರೆ ಯಾವುದಾದರೂ ಸನ್ಮಾನದ ಫೋಟೊ ಒಂದಿಂಚು ಸಣ್ಣದಾಗಲಿ.

ನಿಧನ ವಾರ್ತೆಯ ಬಗ್ಗೆಯೂ ಒಂದು ಮಾತು. ಗಣಪತಿ ಹೆಗಡೆ ಅಂತ ಬರೆದರೆ ಆ ಸೀಮೆಯಲ್ಲಿ ಯಾರು ಅಂತ ತಿಳೀಬೇಕು? ಊರಿಗಿಬ್ಬರು ಇರುತ್ತಾರೆ. ಹಳ್ಳಿಯ ಹೆಸರು ಇಲ್ಲದಿದ್ದರೆ ಬೆಳಿಗ್ಗೆ ಆರು ಗಂಟೆಗೆ ಯಾರದೋ ಮನೆಗೆ ನೆಂಟರು ಅಳುತ್ತಾ ಫೋನ್ ಮಾಡ್ತಾರೆ. ಕಳಿಸಿದವರಿಗೆ ಒಂದು ಫೋನ್ ಮಾಡಿ ಕೇಳು. ದುಃಖದ ಮನೆಗೆ ಹೇಗೆ ಫೋನ್ ಮಾಡೋದು ಅಂತ ಹಿಂಜರಿಯಬೇಡ. ಹೆಸರು ಸರಿ ಬರಲಿ ಅಂತ ಯಾರೋ ಒಬ್ಬರು ವಿಚಾರಿಸಿದರು ಅನ್ನೋದು ಅವರಿಗೆ ಸಮಾಧಾನವೇ.

ದೊಡ್ಡ ಊರಿನ ಪತ್ರಿಕೆಯಲ್ಲಿ ಬರೆದವರು ಓದಿದವರನ್ನು ನೋಡೋದೇ ಕಡಿಮೆ. ನೀನಿರೋ ಊರು ಹಾಗಲ್ಲ. ಇವತ್ತು ಬರೆದದ್ದು ನಾಳೆ ಮಾರಿಕಾಂಬಾ ಗುಡಿಯ ಎದುರು, ಐದು ರಸ್ತೆ ಸರ್ಕಲ್ಲಿನಲ್ಲಿ, ಸಂತೆಯಲ್ಲಿ ನಿನ್ನ ಎದುರಿಗೇ ನಿಲ್ಲುತ್ತೆ. ನನಗೆ ಅದು ಹೆದರಿಕೆ ಅಂತ ಅನ್ನಿಸಿಲ್ಲ, ಭಾಗ್ಯ ಅಂತಲೇ ಅನ್ನಿಸಿದೆ. 1843ರ ಜುಲೈ 1ರಂದು ಜರ್ಮನ್ ಮಿಷನರಿ ಮೊಗ್ಲಿಂಗ್ ಅವರು ಮಂಗಳೂರು ಸಮಾಚಾರ ಶುರು ಮಾಡಿದಾಗಲೂ ಅದು ಒಂದು ಊರಿನ ಹೆಸರು ಹೊತ್ತ, ಕಲ್ಲಚ್ಚಿನ, ಹದಿನೈದು ದಿನಕ್ಕೊಮ್ಮೆಯ ಪತ್ರಿಕೆ. ಕನ್ನಡದ ಮೊದಲ ಪತ್ರಿಕೆಯೇ ಆಗ ಸಣ್ಣದಿದ್ದ ಊರಿನದು. ನೀನು ಜುಲೈ 1ರ ತನಕ ಅಲ್ಲೇ ಇದ್ದರೆ ಪತ್ರಿಕಾ ದಿನಾಚರಣೆಗೆ ನಿನ್ನನ್ನೂ ಕುರ್ಚಿ ಹಾಕಲು ಕರೀತಾರೆ. ಹೋಗು.

ಇನ್ನು, ಸಿದ್ದಾಪುರ ಕಡೆ ಮಂಗನ ಕಾಯಿಲೆ ವರದಿಗೆ ಹಿರಿಯ ವರದಿಗಾರರ ಜೊತೆ ಹೋಗ್ತೀನಿ ಅಂದೆ. ಅಮ್ಮ ಬೇಡ ಅಂದಳು. ನಾನು ಬೇಡ ಅನ್ನಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಕಾಯಿಲೆ, ಇವತ್ತಿಗೂ ಬೇಸಿಗೆ ಬಂದರೆ ಮಲೆನಾಡಿನವರು ದರಕು (ಒಣ ಎಲೆ) ತರಲು ಕಾಡಿಗೆ ಹೋಗೋಕೆ ಹೆದರುತ್ತಾರೆ. ಅದನ್ನು ಅಲ್ಲಿಯ ಪತ್ರಿಕೆ ಬರೆಯದೆ ಇನ್ಯಾರು ಬರೀತಾರೆ? ಆದರೆ ಉಣುಗು ಅನ್ನೋ ರಕ್ತ ಹೀರುವ ಹುಳ ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡೋ ಡೇಪಾ ಎಣ್ಣೆ ಹಚ್ಚಿಕೊಂಡೇ ಹೋಗು. ತುಂಬು ತೋಳಿನ ಅಂಗಿ ಹಾಕು. ಮಂಗ ಸತ್ತ ಜಾಗದ ಹತ್ತಿರ ಫೋಟೊ ತೆಗೆಯಲು ಹೋಗಲೇಬೇಡ. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಉಣುಗು ಕಚ್ಚಿದೆಯಾ ಅಂತ ದೊಡ್ಡಮ್ಮನ ಹತ್ತಿರ ನೋಡಿಸಿಕೋ. ಜ್ವರ ಬಂದರೆ ಮುಚ್ಚಿಡಬೇಡ.

ಮಧ್ಯಾಹ್ನ ಊಟ ಬಿಡ್ತೀಯ ಅಂತ ದೊಡ್ಡಮ್ಮ ಹೇಳಿದರು. ಡಬ್ಬಿ ಒಯ್ಯಿ. ಅಪ್ಪೆಹುಳಿ ಬಾಟಲಿಯಲ್ಲಿ ಹಾಕಿಕೊಂಡು ಹೋಗು, ಸೆಕೆಗೆ ಅದೇ ಒಳ್ಳೆಯದು. ಸಂಜೆ ಗುಡುಗು ಶುರುವಾದರೆ ಕರೆಂಟ್ ಹೋಗುತ್ತೆ, ಧಾರಣೆಯನ್ನು ಮೊದಲೇ ಟೈಪ್ ಮಾಡಿ ಸೇವ್ ಮಾಡಿಟ್ಟುಕೋ. ಹಲಸಿನ ಹಪ್ಪಳ ಒಣಗಿಸುವಾಗ ಅವರಿಗೆ ಸ್ವಲ್ಪ ಸಹಾಯ ಮಾಡು, ಅವರ ಸೊಂಟ ನೋವು ಜಾಸ್ತಿಯಾಗಿದೆ.

ನಿನ್ನ ಪತ್ರಿಕೆಯನ್ನು ಇಲ್ಲಿ ದಿನಾ ಮೊಬೈಲಿನಲ್ಲಿ ತೆಗೆದು ನೋಡ್ತೀನಿ. ಮೊದಲು ನೋಡೋದು ಧಾರಣೆಯನ್ನೇ. ನಿನ್ನ ಹೆಸರು ಇಲ್ಲದಿದ್ದರೂ ಅದು ನೀನು ಬರೆದದ್ದು ಅಂತ ನನಗೆ ಗೊತ್ತಲ್ಲ. ನಿನ್ನೆಯ ಸಂಚಿಕೆಯಲ್ಲಿ ಕೆಂಪುಗೋಟಿನ ಕನಿಷ್ಠ, ಗರಿಷ್ಠ ಎರಡೂ ಒಂದೇ ಬಂದಿದೆ. ಒಂದೇ ಲಾಟ್ ಬಂದಿತ್ತಾ? ಚೀಟಿ ನೋಡಿ ನಾಳೆ ಫೋನ್ ಮಾಡು.

ನಿನ್ನ
ಅಪ್ಪ