ಜ್ವರ ಬಂದಾಗ ಚಳಿ ಯಾಕೆ? ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಮೈ ಸುಡುತ್ತಿರುವಾಗ ಚಳಿ ಯಾಕೆ ಆಗುತ್ತೆ ಅಂತ ಕೇಳಿದ್ದೆಯಲ್ಲ, ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು, ಅದಕ್ಕೇ ಬರೆಯುತ್ತಿದ್ದೇನೆ.

ಚರ್ಮದ ನರಗಳ ತುದಿಯಲ್ಲಿ ಪ್ರೋಟೀನಿನ ಪುಟ್ಟ ಬಾಗಿಲುಗಳಿವೆ. ಟಿಆರ್‌ಪಿವಿ1 ಅನ್ನುವುದು ಬಿಸಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ತೆರೆದುಕೊಳ್ಳುತ್ತದೆ. ಮೆಣಸಿನಕಾಯಿಯ ಖಾರಕ್ಕೂ ಅದೇ ತೆರೆಯುತ್ತದೆ. ಟಿಆರ್‌ಪಿಎಂ8 ಅನ್ನುವುದು ತಂಪಿಗೆ, ಪುದೀನದಲ್ಲಿರುವ ಮೆಂಥಾಲ್‌ಗೆ ತೆರೆಯುತ್ತದೆ. ಮೊದಲನೆಯದು 1997ರಲ್ಲಿ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡಕ್ಕೆ ಸಿಕ್ಕಿತು. ಎರಡನೆಯದನ್ನು 2002ರಲ್ಲಿ ಅವರ ತಂಡವೂ ಆರ್ಡೆಮ್ ಪಟಪೂಟಿಯನ್ ತಂಡವೂ ಬೇರೆಬೇರೆಯಾಗಿ ಕಂಡುಕೊಂಡವು. 2021ರ ವೈದ್ಯಕೀಯ ನೊಬೆಲ್ ಇಬ್ಬರಿಗೂ ಬಂತು.

ಚರ್ಮದ ಸುದ್ದಿ ಬೆನ್ನುಹುರಿ ಹತ್ತಿದ ಮೇಲೆ ಎರಡು ದಾರಿ ಹಿಡಿಯುತ್ತದೆ. ಒಂದು ಮಿದುಳಿನೊಳಗಿನ ಸುದ್ದಿ ಹಂಚುವ ಕೇಂದ್ರವಾದ ಥಲಾಮಸ್ ಮೂಲಕ ಹೋಗಿ 'ಅಬ್ಬಾ ಚಳಿ' ಅಂತ ನಿನಗೆ ಅನ್ನಿಸುವ ಹಾಗೆ ಮಾಡುತ್ತದೆ. ಇನ್ನೊಂದು ನಿನ್ನನ್ನು ಕೇಳುವುದೇ ಇಲ್ಲ, ಮಿದುಳಿನ ಬುಡದ ಹೈಪೋಥಲಾಮಸ್‌ಗೆ, ಅದರ ಮುಂಭಾಗದ ಪ್ರಿಯಾಪ್ಟಿಕ್ ಜಾಗಕ್ಕೆ ಹೋಗುತ್ತದೆ. ನನಗೆ ಇಷ್ಟವಾಗುವುದು ಈ ಜಾಗವೇ. ಇಲ್ಲಿನ ಕೆಲವು ನರಕೋಶಗಳು ತಮ್ಮ ಸುತ್ತಲಿನ ರಕ್ತದ ಬಿಸಿಯನ್ನೇ ಅಳೆಯುತ್ತವೆ, ಬಿಸಿ ಹೆಚ್ಚಾದರೆ ಜಾಸ್ತಿ ಮಿಡಿಯುತ್ತವೆ. ಅವು ಮಿಡಿಯುತ್ತಿರುವಷ್ಟು ಹೊತ್ತು ನಡುಕವೂ ಇಲ್ಲ, ಮೈ ಬಿಸಿ ಮಾಡುವ ಕಂದು ಕೊಬ್ಬು ಉರಿಯುವುದೂ ಇಲ್ಲ, ಚರ್ಮದ ರಕ್ತನಾಳಗಳು ಬಿಗಿಯುವುದೂ ಇಲ್ಲ. ಅಂದರೆ ಅವು ಬ್ರೇಕ್ ಹಿಡಿದು ಕೂತಿರುತ್ತವೆ.

ಸೋಂಕು ತಗುಲಿದಾಗ ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಇ2 ಅನ್ನುವ ವಸ್ತು ತಯಾರಾಗುತ್ತದೆ. ಅದು ಈ ಕೋಶಗಳನ್ನೇ ಸುಮ್ಮನಾಗಿಸುತ್ತದೆ. ಬ್ರೇಕ್ ಬಿಟ್ಟ ಮೇಲೆ ಕೇಳಬೇಕೇ? ಮೈ 38 ಡಿಗ್ರಿ ಇದ್ದರೂ ಮಿದುಳಿಗೆ ಅದು ಸಾಲದು, ಸ್ನಾಯುಗಳನ್ನು ನಡುಗಿಸುತ್ತದೆ, ಚರ್ಮಕ್ಕೆ ರಕ್ತ ಕಡಿಮೆ ಮಾಡುತ್ತದೆ, ಕೈಕಾಲು ತಣ್ಣಗಾಗುತ್ತವೆ, ನೀನು ಕಂಬಳಿ ಎಳೆದುಕೊಳ್ಳುತ್ತೀಯ. ಪ್ಯಾರಾಸಿಟಮಾಲ್ ಆ ವಸ್ತುವಿನ ತಯಾರಿಕೆಯನ್ನು ತಡೆಯುತ್ತದೆ, ಕೋಶಗಳು ಮತ್ತೆ ಮಿಡಿಯುತ್ತವೆ, ಬೆವರು ಬರುತ್ತದೆ. ಅಷ್ಟೇ. ಮಾತ್ರೆ ಮೈಯನ್ನು ನೇರವಾಗಿ ತಂಪು ಮಾಡುವುದಿಲ್ಲ, ಅದಕ್ಕೇ ಜ್ವರವಿಲ್ಲದವರು ನುಂಗಿದರೆ ಮೈಬಿಸಿ ಅಷ್ಟೇನೂ ಇಳಿಯುವುದಿಲ್ಲ.

ಇನ್ನೊಂದು ವಿಷಯ, ನಿನಗೆ ನಗು ಬರಬಹುದು. ನೋವು ಕಡಿಮೆ ಮಾಡೋಣ ಅಂತ ಔಷಧ ಕಂಪನಿಗಳು ಟಿಆರ್‌ಪಿವಿ1 ಬಾಗಿಲನ್ನು ಮುಚ್ಚುವ ಮದ್ದುಗಳನ್ನು ಮಾಡಿದವು. ಪ್ರಯೋಗದಲ್ಲಿ ಕೆಲವರ ಮೈ ಜ್ವರ ಬಂದ ಹಾಗೆ ಬಿಸಿಯಾಯಿತು! ಸೋಂಕಿಲ್ಲ, ಏನಿಲ್ಲ. ಯಾವ ಬೆಂಕಿಯೂ ತಾಕದ ಮೈಯಲ್ಲೂ ಆ ಬಾಗಿಲು ಸದಾ ಏನೋ ಒಂದು ಸಂದೇಶ ಕಳಿಸುತ್ತಿತ್ತು ಅನ್ನುವುದು ಆಗ ಗೊತ್ತಾಯಿತು.

ಮಿದುಳು ಕಾಯ್ದುಕೊಳ್ಳುವ ಮೈಬಿಸಿಯ ಮಟ್ಟವನ್ನು ಕೆಳಗೆ ಇಳಿಸಲೂ ಬರುತ್ತದೆ. 2020ರಲ್ಲಿ ಜಪಾನಿನ ವಿಜ್ಞಾನಿಗಳು ಇಲಿಯ ಹೈಪೋಥಲಾಮಸ್‌ನ ಕೆಲವು ನರಕೋಶಗಳನ್ನು ಕೆಣಕಿದರು. ಇಲಿಗಳ ಮೈ ದಿನಗಟ್ಟಲೆ ತಣ್ಣಗಾಯಿತು, ಅವು ಚಳಿನಿದ್ದೆಗೆ ಹೋದ ಪ್ರಾಣಿಯ ಹಾಗಾದವು, ಆಮೇಲೆ ತಾವಾಗಿಯೇ ಸರಿಯಾದವು. ಇಲಿಗಳು ಚಳಿಗಾಲವಿಡೀ ಮಲಗುವ ಜಾತಿಯೇ ಅಲ್ಲ. ಮನುಷ್ಯರಲ್ಲೂ ಹೀಗೆ ಮಾಡಬಹುದೇ ಅನ್ನುವ ಪ್ರಶ್ನೆ ಸಹಜವಾಗಿ ಎದ್ದಿದೆ, ಉತ್ತರ ಹುಡುಕುವವರ ಸಾಲಿನಲ್ಲಿ ನೀನೂ ನಿಲ್ಲಬಹುದು, ಆದರೆ ಮೊದಲು ಪರೀಕ್ಷೆ ಮುಗಿಸು.

ಪ್ರೀತಿಯಿಂದ,
ಅಮ್ಮ