ಶುಂಠಿಗೆ ಮುದ್ರೆಯ ತಕ್ಕಡಿ, ಮಕ್ಕಳಿಗೆ ಯಾವುದೋ ಒಂದು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಕ್ರೀಡಾ ಪುಟದಲ್ಲಿ ನಮ್ಮ ಜಿಲ್ಲೆಯ ಹುಡುಗನೊಬ್ಬನ ಫೋಟೊ ಬಂದಿತ್ತು. ಬಾಕ್ಸಿಂಗ್‌ನಲ್ಲಿ ಪದಕ ಗೆದ್ದವನು. ನೋಡಿ ಖುಷಿಯಾಯಿತು. ಆದರೆ ಅವನು ಎರಡೇ ದಿನದಲ್ಲಿ ಮೂರು ಕೆ.ಜಿ. ಇಳಿಸಿ ರಿಂಗಿಗೆ ಇಳಿದ ಅಂತ ನಿಮ್ಮ ವರದಿಗಾರರು ಮೆಚ್ಚಿ ಬರೆದಿದ್ದಾರೆ. ‘ಛಲ’ ಅನ್ನುವ ಪದ ಎರಡು ಸಲ ಇತ್ತು. ಈ ಪತ್ರ ಆ ಮೆಚ್ಚುಗೆಯ ಬಗ್ಗೆ. ಹುಡುಗನ ಮೇಲೆ ನನಗೆ ಯಾವ ತಕರಾರೂ ಇಲ್ಲ.

ನಾನು ಬಾಕ್ಸಿಂಗ್ ಆಡಿದವನಲ್ಲ. ಹಾಸನದಲ್ಲಿ ಶುಂಠಿ ವ್ಯಾಪಾರ. ಇಪ್ಪತ್ತೆರಡು ವರ್ಷದಿಂದ ತಕ್ಕಡಿ ಮುಂದೆ ಕೂತಿದ್ದೇನೆ. ಹಸಿ ಶುಂಠಿಗೆ ಇಲ್ಲಿ 60 ಕೆ.ಜಿ. ಮೂಟೆ ಲೆಕ್ಕ. ಈಗ ತಾನೇ ತೊಳೆದು ತಂದ ಶುಂಠಿ ಒಂದು ತೂಕ ಬರುತ್ತದೆ, ಎರಡು ದಿನ ಬಿಸಿಲಲ್ಲಿ ಬಿದ್ದಿದ್ದು ಇನ್ನೊಂದು. ಪೂರ್ತಿ ಒಣಗಿಸಿದರೆ ಹೆಚ್ಚುಕಮ್ಮಿ ಐದನೇ ಒಂದು ಪಾಲು ಉಳಿಯುತ್ತದೆ. ಮಿಕ್ಕಿದ್ದೆಲ್ಲ ನೀರು. ಎರಡು ದಿನದಲ್ಲಿ ಮೂರು ಕೆ.ಜಿ. ಅಂದ ಕೂಡಲೇ ಆ ಹುಡುಗನ ಮೈಯಿಂದ ಹೋಗಿದ್ದೇನು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಮಗಳು ಬಾಕ್ಸರ್. ಈಗ ಎರಡನೇ ಪಿಯುಸಿ. ನಾನು ಹೇಳುವುದು ಎರಡು ವರ್ಷದ ಹಿಂದಿನ ಮಾತು, ಅವಳು ಎಸ್ಸೆಸ್ಸೆಲ್ಸಿಯಲ್ಲಿದ್ದಾಗಿನದು. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಹಾಕಬೇಡ ಅಂದಿದ್ದಾಳೆ. ಕೂಟ ನಡೆದ ಊರು, ಆಗಿನ ಕೋಚ್ ಹೆಸರು, ಅವೂ ಬೇಡ.

ಆಗ ಅವಳದು 50 ಕೆ.ಜಿ. ವಿಭಾಗ, ಅಂದರೆ ತೂಕ 50 ದಾಟುವಂತಿಲ್ಲ. ಮೈ ತೂಕ 53ರ ಹತ್ತಿರ. ಒಂದೇ ವರ್ಷದಲ್ಲಿ ಎರಡು ಇಂಚು ಬೆಳೆದಿದ್ದಳು, ತೂಕ ಇನ್ನೆಲ್ಲಿ ನಿಲ್ಲುತ್ತದೆ? ಕೂಟಕ್ಕೆ ಮೂರು ದಿನ ಇರುವಾಗ ಊಟ ನಿಂತಿತು. ನೀರು ಬರೀ ಗುಟುಕು. ಅವಳ ಅಜ್ಜಿ ತಟ್ಟೆ ಮುಂದಿಟ್ಟು, ‘ಮುದ್ದೆ ತಿನ್ನದೆ ಗುದ್ದಾಡಕ್ಕೆ ಹೋಗ್ತೀಯೇನೇ?’ ಅಂದರು. ಇವಳು ಎದ್ದು ಹೋದಳು. ಕೊನೆಯ ರಾತ್ರಿ ತೋಟಕ್ಕೆ ಹಾಕುವ ರೇನ್‌ಕೋಟು ಹಾಕಿಕೊಂಡು, ಮೇಲೆ ಸ್ವೆಟರ್, ಬಚ್ಚಲುಮನೆಯ ಹಂಡೆ ಒಲೆ ಪಕ್ಕ ಸ್ಕಿಪ್ಪಿಂಗ್ ಮಾಡಿದಳು. ಬಾಗಿಲು ಮುಚ್ಚಿಕೊಂಡಿದ್ದಳು. ಹಗ್ಗ ನೆಲಕ್ಕೆ ಬಡಿಯುವ ಸದ್ದು ಹನ್ನೊಂದು ಗಂಟೆವರೆಗೂ ಕೇಳುತ್ತಿತ್ತು. ಆಮೇಲೆ ಚೂಯಿಂಗ್ ಗಮ್ ಅಗಿದು ಅಗಿದು ಒಂದು ಸ್ಟೀಲ್ ಲೋಟಕ್ಕೆ ಉಗುಳುತ್ತಾ ಕೂತಳು. ಉಗುಳೂ ತೂಕವೇ ಅಲ್ವಾ? ಬೆಳಿಗ್ಗೆ ನೋಡಿದರೆ ಲೋಟದಲ್ಲಿ ಕಾಲು ಭಾಗವೂ ಇರಲಿಲ್ಲ. ಬಾಯಿ ಅಷ್ಟು ಒಣಗಿತ್ತು. ‘ಅಪ್ಪ, ನಿಂಬೆಹಣ್ಣು ಕೊಡು, ತಿನ್ನಲ್ಲ, ಸುಮ್ನೆ ಮೂಸ್ತೀನಿ’ ಅಂದಳು.

ನಾನು ಆಗಲೂ ಬೇಡ ಅನ್ನಲಿಲ್ಲ. ನನಗೂ ಅದು ಛಲದ ಹಾಗೇ ಕಂಡಿತ್ತು.

ಐದು ಗಂಟೆಗೆ ಅಂಗಡಿ ಬಾಗಿಲು ತೆಗೆದು ನನ್ನ ತಕ್ಕಡಿ ಮೇಲೆ ನಿಲ್ಲಿಸಿದೆ. 49.8. ಸಮಾಧಾನವಾಗಿ ಹೊರಟೆವು. ಅಲ್ಲಿ ಹೋದರೆ ಅವರ ಮಿಷನ್ 50.2 ತೋರಿಸಿತು. ನಾನೂರು ಗ್ರಾಂ ವ್ಯತ್ಯಾಸ! ಆ ಮಿಷನ್ ಮೇಲೆ ತೂಕ ಸರಿಯಿದೆ ಅನ್ನುವ ಸರ್ಕಾರಿ ಮುದ್ರೆ ಹುಡುಕಿದೆ, ಇರಲಿಲ್ಲ. ನಾವು ಶುಂಠಿ, ಆಲೂಗಡ್ಡೆ ತೂಗುವವರು ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಂದು ಸಲ ದುಡ್ಡು ಕಟ್ಟಿ ಮುದ್ರೆ ಹಾಕಿಸಬೇಕು. ಇಲ್ಲದಿದ್ದರೆ ದಂಡ. ಮಕ್ಕಳನ್ನು ತೂಗುವುದಕ್ಕೆ ಯಾವುದಾದರೂ ನಡೆಯುತ್ತದೆ. ಮಗಳು ಮತ್ತೆ ಅದೇ ರೇನ್‌ಕೋಟು ಹಾಕಿ ಮೈದಾನ ಸುತ್ತಿದಳು. ಒಂದು ಗಂಟೆಯ ಮೇಲೆ 50 ತೋರಿಸಿತು. ಇನ್ನೆರಡು ಗಂಟೆಗೆ ಪಂದ್ಯ.

ಮೊದಲ ಸುತ್ತು ಹೇಗೋ ಕಳೆಯಿತು. ಎರಡನೇ ಸುತ್ತಿನಲ್ಲಿ ಅವಳ ಕೈ ಕೆಳಗೆ ಬಂತು. ಎದುರಿನ ಹುಡುಗಿಯ ಹೊಡೆತ ಕಾಣುತ್ತಿದೆ, ತಲೆ ಸರಿಸಲು ಆಗುತ್ತಿಲ್ಲ. ಅಂಗಡಿ ತಕ್ಕಡಿಯಲ್ಲಿ ಎಷ್ಟೋ ಮೋಸ ನೋಡಿದ್ದೇನೆ. ಆವತ್ತು ಮೋಸ ಮಾಡಿದವನು ನಾನೇ ಅನ್ನಿಸಿತು. ರೆಫರಿ ಪಂದ್ಯ ನಿಲ್ಲಿಸಿದರು. ರಾತ್ರಿ ಮನೆಗೆ ಬಂದು ಮಜ್ಜಿಗೆ, ಗಂಜಿ, ಮತ್ತೆ ನೀರು. ಮಾರನೇ ದಿನ ಸಂಜೆ ಅದೇ ತಕ್ಕಡಿಯಲ್ಲಿ 52.6. ಮೂರು ದಿನ ಉಪವಾಸ ಮಾಡಿ ಇಳಿಸಿದ್ದು ಒಂದೂವರೆ ದಿನಕ್ಕೆ ವಾಪಸ್.

ಆಮೇಲೆ ಹಾಸನದ ಒಬ್ಬ ಡಾಕ್ಟರ್ ಕೂರಿಸಿಕೊಂಡು ತಿಳಿಸಿ ಹೇಳಿದರು. ರಕ್ತದಲ್ಲಿ ನೀರಿನಂಶ ಕಮ್ಮಿಯಾದರೆ ಹೃದಯ ಜಾಸ್ತಿ ಬಡಿಯಬೇಕು. ಬೆವರು ಬತ್ತಿದರೆ ಮೈ ಕಾವು ಇಳಿಯುವುದಿಲ್ಲ. ನಾವು ತಿಂದ ಮುದ್ದೆ, ಅನ್ನ ಸ್ನಾಯುಗಳಲ್ಲಿ ಗ್ಲೈಕೋಜನ್ ಆಗಿ ಕೂತಿರುತ್ತದಂತೆ. ಅದು ಒಂದು ಗ್ರಾಂ ಇದ್ದರೆ ಜೊತೆಗೆ ಮೂರು ಗ್ರಾಂ ನೀರು. ಊಟ ಬಿಟ್ಟರೆ ಎರಡೂ ಒಟ್ಟಿಗೆ ಖಾಲಿ. ತಕ್ಕಡಿಗೆ ಅದು ಲಾಭ, ಗುದ್ದಿಗೆ ನಷ್ಟ. ಹೆಂಡತಿ ಇನ್ನೊಂದು ವಿಷಯ ಹೇಳಿದಳು. ಮೂರು ತಿಂಗಳಿಂದ ಮಗಳಿಗೆ ಮುಟ್ಟು ನಿಂತಿತ್ತಂತೆ. ಊಟ ಕಮ್ಮಿ, ಪ್ರಾಕ್ಟೀಸ್ ಜಾಸ್ತಿ ಆದರೆ ಹೀಗಾಗುತ್ತದೆ, ಮೂಳೆಗೂ ಪೆಟ್ಟು ಅಂದರು ಡಾಕ್ಟರ್. ಮುಟ್ಟಿನ ದಿನ ಹತ್ತಿರ ಬಂದಾಗ ಮೈಯಲ್ಲಿ ನೀರು ನಿಂತು ತೂಕ ಏರುವುದೂ ಉಂಟಂತೆ. ಗಂಡಸು ಕೋಚ್ ಹತ್ತಿರ ಹದಿನೈದರ ಹುಡುಗಿ ಇದನ್ನು ಹೇಗೆ ಹೇಳುತ್ತಾಳೆ? ಅಪ್ಪನ ಹತ್ತಿರವೇ ಹೇಳಿರಲಿಲ್ಲ.

ತೂಕದ ವಿಭಾಗಗಳೇ ಬೇಡ ಅಂತ ನಾನು ಹೇಳುತ್ತಿಲ್ಲ. 50 ಕೆ.ಜಿ. ಹುಡುಗಿ ಮುಂದೆ 60 ಕೆ.ಜಿ. ಹುಡುಗಿಯನ್ನು ಬಿಟ್ಟರೆ ಅದು ಆಟವೇ ಅಲ್ಲ. ವಿಭಾಗ ಇರುವುದು ಸಣ್ಣವರ ರಕ್ಷಣೆಗೆ. ಆದರೆ ಎಲ್ಲರೂ ಒಂದು ಮೆಟ್ಟಿಲು ಕೆಳಗೆ ಇಳಿದರೆ ಯಾರಿಗೂ ಲಾಭವಿಲ್ಲ. ಎದುರಿಗೆ ಬರುವವಳೂ ಒಣಗಿ ಬಂದವಳೇ.

ದೊಡ್ಡವರಿಗೆ ಈ ಕಷ್ಟ ಬೇರೆ ಥರ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಮಹಿಳೆಯರ ಬಾಕ್ಸಿಂಗ್ ಬಂದಾಗ ಇದ್ದದ್ದು 51, 60, 75 ಕೆ.ಜಿ., ಮೂರೇ ವಿಭಾಗ. 2024ರ ಪ್ಯಾರಿಸ್ ಹೊತ್ತಿಗೆ ಆರಾದವು. ಆದರೂ ಅಲ್ಲಿ 66 ಬಿಟ್ಟರೆ ಮುಂದಿನದು 75 ಆಗಿತ್ತು. ನಮ್ಮ ದೇಶದ ಬಾಕ್ಸರ್ ಲವ್ಲಿನಾ ಬೊರ್ಗೊಹೈನ್ ಟೋಕಿಯೊದಲ್ಲಿ ಕಂಚು ಗೆದ್ದ 69 ಕೆ.ಜಿ. ವಿಭಾಗವೇ ಪ್ಯಾರಿಸ್‌ನಲ್ಲಿ ಇರಲಿಲ್ಲ. ಅವರು ಕೆಳಗೆ ಹೋಗಲಿಲ್ಲ, 75ಕ್ಕೆ ಏರಿದರು. 2023ರಲ್ಲಿ ಅದರಲ್ಲೇ ವಿಶ್ವ ಚಾಂಪಿಯನ್ ಆದರು. ನಮ್ಮವರೇ ಇನ್ನೊಬ್ಬ ಬಾಕ್ಸರ್ ನಿಖತ್ ಜರೀನ್ 2022ರ ಮೇ ತಿಂಗಳಲ್ಲಿ 52ರಲ್ಲಿ ವಿಶ್ವ ಚಾಂಪಿಯನ್, ಆಗಸ್ಟ್‌ನಲ್ಲಿ 50ರಲ್ಲಿ ಕಾಮನ್‌ವೆಲ್ತ್ ಚಿನ್ನ. ಇಳಿದರು ನಿಜ. ಎರಡು ಕೆ.ಜಿ.ಗೆ ನಡುವೆ ಎರಡೂವರೆ ತಿಂಗಳು ಇತ್ತು, ಎರಡು ದಿನ ಅಲ್ಲ. ಕುಸ್ತಿಯ ವಿನೇಶ್ ಫೋಗಟ್ ಕತೆ ಎಲ್ಲರಿಗೂ ಗೊತ್ತು. ರಾತ್ರಿಯಿಡೀ ಬೆವರು ಹರಿಸಿ, ಕೂದಲು ಕತ್ತರಿಸಿಯೂ 100 ಗ್ರಾಂ ಜಾಸ್ತಿ ಉಳಿಯಿತು, ಒಲಿಂಪಿಕ್ ಫೈನಲ್ ಹೋಯಿತು. ನಮ್ಮಲ್ಲಿ 100 ಗ್ರಾಂ ಅಂದರೆ ಮಣ್ಣು ಮೆತ್ತಿದ ಒಂದು ಶುಂಠಿ ತುಂಡು.

ಮಕ್ಕಳು ಇದನ್ನೆಲ್ಲ ಕಲಿಯುವುದು ಮೊಬೈಲ್‌ನಲ್ಲಿ. ದುಡ್ಡಿಗೆ ಆಡುವ ಪ್ರೊಫೆಷನಲ್ ಬಾಕ್ಸರ್‌ಗಳು ಬಿಸಿನೀರಿನ ಟಬ್ಬಿನಲ್ಲಿ ಕೂತು ತೂಕ ಇಳಿಸುವ ವಿಡಿಯೊ. ಅವರನ್ನು ತೂಗುವುದು ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನ. ಮತ್ತೆ ನೀರು ಕುಡಿದು, ಉಂಡು, ಮಲಗಿ ಏಳಲು ಒಂದು ದಿನ ಸಿಗುತ್ತದೆ. ನಮ್ಮ ಮಕ್ಕಳದ್ದು ಬೆಳಿಗ್ಗೆ ತೂಕ, ಆವತ್ತೇ ಪಂದ್ಯ. ನಾಳೆ ಗೆದ್ದರೆ ನಾಡಿದ್ದು ಮತ್ತೆ ತೂಕ. ನೀರು ವಾಪಸ್ ತುಂಬಲು ಹೊತ್ತೆಲ್ಲಿ? ಮೂತ್ರ ಹೋಗಿಸುವ ಮಾತ್ರೆ ತಗೋ ಅಂತ ಮಗಳಿಗೆ ಯಾರೋ ಹೇಳಿದ್ದರಂತೆ. ಪುಣ್ಯಕ್ಕೆ ತಗೊಳ್ಳಲಿಲ್ಲ. ಅದು ಡೋಪಿಂಗ್ ಪಟ್ಟಿಯಲ್ಲಿರುವ ಮಾತ್ರೆ, ಸಿಕ್ಕಿಬಿದ್ದರೆ ಆಟವೇ ಬಂದ್. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ಬೆವರು ಹರಿಸಿ ತೂಕ ಇಳಿಸುವಾಗಲೇ ಸತ್ತರು, ಒಂದು ತಿಂಗಳು ಚಿಲ್ಲರೆ ದಿನದ ಒಳಗೆ. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ರಬ್ಬರ್ ಸೂಟು, ಬಿಸಿ ಕೋಣೆ ಎರಡನ್ನೂ ನಿಷೇಧಿಸಿದರು. ನಮ್ಮ ಬಚ್ಚಲುಮನೆ ಹಂಡೆ, ರೇನ್‌ಕೋಟು ಅದೇ ಅಲ್ವಾ?

ಮಗಳು ಈಗ 54ರಲ್ಲಿ ಆಡುತ್ತಾಳೆ. ಕೋಚ್ ಬೇರೆಯವರು. ತೂಕ ಇಳಿಸಲೇಬೇಕಾದರೆ ವಾರಕ್ಕೆ ಅರ್ಧ ಕೆ.ಜಿ., ಅದಕ್ಕಿಂತ ಜಾಸ್ತಿ ಇಲ್ಲ ಅಂತ ಅವರ ಲೆಕ್ಕ. ಕೂಟದ ತಾರೀಕು ಗೊತ್ತಾದ ದಿನದಿಂದ ನೋಟ್‌ಬುಕ್‌ನಲ್ಲಿ ತೂಕ ಬರೆಯಬೇಕು, ಬೆಳಿಗ್ಗೆ ಎದ್ದ ಮೇಲೆ, ಹೊಟ್ಟೆ ಖಾಲಿ ಇದ್ದಾಗ. ಮನೆಯಲ್ಲಿ ಏನೂ ವಿಶೇಷ ಅಡುಗೆ ಇಲ್ಲ. ಮಧ್ಯಾಹ್ನ ಮುದ್ದೆ ಒಂದೇ, ಸಾರು, ಕಾಳು, ಎರಡು ಮೊಟ್ಟೆ. ಕೊನೆಯ ವಾರ ಉಪ್ಪಿನಕಾಯಿ, ಹಪ್ಪಳ ಬೇಡ, ಉಪ್ಪು ನೀರು ಹಿಡಿಯುತ್ತದೆ. ಹಿತಕಿದ ಬೇಳೆ ಸಾರಿನ ಕಾಲದಲ್ಲಿ ಮಾತ್ರ ಸ್ವಲ್ಪ ಜಗಳ ಆಗುತ್ತದೆ. ಮೊದಲು 54ರಲ್ಲಿ ಎರಡು ಸಲ ಸೋತಳು, ಅಲ್ಲಿಯವರು ಗಟ್ಟಿ. ಮೂರನೇ ಸಲ ಗೆದ್ದಳು. ಮೂರೂ ಸುತ್ತು ಕೈ ಮೇಲೇ ಇತ್ತು.

ಅದಕ್ಕೇ ಕೇಳುತ್ತಿದ್ದೇನೆ. ಇನ್ನು ಮುಂದೆ ಇಂಥ ಸುದ್ದಿ ಬಂದರೆ ಎಷ್ಟು ಕೆ.ಜಿ. ಇಳಿಸಿದ ಅನ್ನುವುದನ್ನು ಶಭಾಸ್‌ಗಿರಿ ಮಾಡಿ ಹಾಕಬೇಡಿ. ಓದುವ ಇನ್ನೊಬ್ಬ ಹುಡುಗ ನಾಲ್ಕು ಇಳಿಸಲು ಹೋಗುತ್ತಾನೆ. ಕೂಟ ನಡೆಸುವವರು ಮುದ್ರೆ ಇರುವ ತಕ್ಕಡಿ ತರಲಿ, ಹಿಂದಿನ ಸಂಜೆಯೇ ಅದನ್ನು ಮಕ್ಕಳಿಗೆ ನೋಡಿಕೊಳ್ಳಲು ಬಿಡಲಿ. ತೂಗುವ ಕಡೆ ಹುಡುಗಿಯರ ಜೊತೆ ಒಬ್ಬ ಹೆಂಗಸು ಇರಲಿ. ತಕ್ಕಡಿಗೆ ದುಡ್ಡಿಲ್ಲ ಅಂದರೆ ಹಾಸನದ ಕೂಟಗಳಿಗೆ ನನ್ನದನ್ನೇ ಗೂಡ್ಸ್ ಆಟೊದಲ್ಲಿ ಹಾಕಿಕೊಂಡು ಬರುತ್ತೇನೆ. ಹೆಸರು ಹಾಕದಿದ್ದರೂ ನಾನು ಯಾರು ಅಂತ ಇಲ್ಲಿನ ಕೋಚ್‌ಗಳಿಗೆ ಗೊತ್ತಾಗುತ್ತದೆ. ಈ ವರ್ಷದ ಮುದ್ರೆ ಆಗಿದೆ.

ಇಂತಿ,
ಬಾಕ್ಸರ್ ಹುಡುಗಿಯೊಬ್ಬಳ ಅಪ್ಪ
ಹಾಸನ